ದಾರಿ ಕೇಳುವವನ ಭಾಷೆ

ನಲವತ್ತು ದಾಟಿದವನು ಸೈಕಲ್ ತುಳಿಯುವುದನ್ನು ಕಂಡರೆ ನಮ್ಮ ಕಡೆಯ ಜನ ಎರಡು ಕಾರಣಗಳನ್ನು ಊಹಿಸುತ್ತಾರೆ. ಒಂದು, ವೈದ್ಯರು ಹೇಳಿರಬೇಕು. ಇನ್ನೊಂದು, ಕೈ ಬಿಗಿಯಾಗಿರಬೇಕು. ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನನ್ನನ್ನು ನೋಡಿ ಎರಡನೆಯದನ್ನು ಹೇಳಿ ನಗುವವರೇ ಹೆಚ್ಚು. ಭಾನುವಾರಗಳಲ್ಲಿ ಮಂಜೇಶ್ವರದಿಂದ ಬೇಕಲದವರೆಗೆ, ಒಮ್ಮೊಮ್ಮೆ ಮುಳ್ಳೇರಿಯದ ಏರು ಹತ್ತಿ ಅದರಾಚೆಗೂ ತುಳಿಯುವುದು ನನಗೆ ಹತ್ತು ವರ್ಷಗಳ ರೂಢಿ. ಕಳೆದ ಜನವರಿಯಲ್ಲಿ ಮಾತ್ರ ಒಂದು ವಾರ ರಜೆ ಹಾಕಿ, ಸೈಕಲನ್ನು ಬಸ್ಸಿನಲ್ಲಿ ಹಾಕಿಕೊಂಡು ಬಳ್ಳಾರಿಗೆ ಹೋದೆ. ಅಲ್ಲಿಂದ ಆಲೂರಿನ ಮೇಲಾಗಿ ಆದೋನಿ, ಮರುದಿನ ಆದೋನಿಯಿಂದ ರಾಯಚೂರು. ಮನೆಯಲ್ಲಿ ಮಂತ್ರಾಲಯಕ್ಕೆ ಎಂದು ಹೇಳಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾನು ನೋಡಬೇಕೆಂದಿದ್ದ ಊರು ಮಂತ್ರಾಲಯದ ಹತ್ತಿರದ ಇನ್ನೊಂದು, ಹೆಸರು ಮಾಧವರಂ. ಆ ಹೆಸರನ್ನು ನಾನು ಮೊದಲು ಕಂಡದ್ದು ಒಂದು ಚೀಟಿಯಲ್ಲಿ. ಆ ಚೀಟಿಯ ಕತೆ ಹೇಳದೆ ಸೈಕಲ್ಲಿನ ಕತೆ ಹೇಳುವಂತಿಲ್ಲ.

ಎರಡು ವರ್ಷಗಳ ಹಿಂದಿನ ಮಾತು. ಶುಕ್ರವಾರ ಮಧ್ಯಾಹ್ನ, ಹಣ ಕಟ್ಟುವ ಹೊತ್ತು ಮುಗಿಯುತ್ತ ಬಂದಿತ್ತು. ಮರುದಿನ ಎರಡನೆಯ ಶನಿವಾರ, ಅದರ ಮರುದಿನ ಭಾನುವಾರ. ಸಾಲು ಬಾಗಿಲಿನವರೆಗೆ ಇತ್ತು. ಕಲ್ಲಿನ ಕೋರೆಯ ಕೆಂಪು ಧೂಳು ಮೈಮೇಲಿದ್ದ ಒಬ್ಬ ಕೂಲಿಯಾಳು ಕಿಂಡಿಯ ಮುಂದೆ ನಿಂತು ಒಂದು ಚೀಟಿಯನ್ನೂ ಖಾಲಿ ಚಲನ್ನನ್ನೂ ಒಳಗೆ ತಳ್ಳಿದ. ಏನೋ ಹೇಳಿದ. ಮೊದಲ ಮಾತು ತೆಲುಗಿನಂತೆ ಕೇಳಿತು. ನನ್ನ ಕಿವಿ ಅಷ್ಟಕ್ಕೇ ಮುಚ್ಚಿಕೊಂಡಿತು. ಬರೆಯಬಲ್ಲವರನ್ನು ಯಾರನ್ನಾದರೂ ಕರೆದುಕೊಂಡು ಬಾ ಎಂದು ಮಲಯಾಳದಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳಿ ಎರಡನ್ನೂ ಹಿಂದಕ್ಕೆ ತಳ್ಳಿದೆ. ಆತ ಮತ್ತೆ ಏನೋ ಹೇಳಿದ. ನಾನು ಅವನ ಹಿಂದಿದ್ದವರನ್ನು ನೋಡಿದೆ. ಆತ ಹೋದ.

ಸಂಜೆ ಬಾಗಿಲು ಹಾಕುವಾಗ ನಮ್ಮ ಕಾವಲುಗಾರ, ಕಣ್ಣೂರಿನ ಕಡೆಯ ಮಲಯಾಳಿ, ಕೇಳಿದ: "ಅಯಾಳ್ ಪರಞ್ಞದ್ ಕನ್ನಡಯಲ್ಲೇ ಸಾರೇ?" ಅವನು ಹೇಳಿದ್ದು ಕನ್ನಡವಲ್ಲವೇ ಎಂದು.

ಆಮೇಲೆ ನೆನಪು ಮಾಡಿಕೊಂಡರೆ ಹೌದು. ತೆಲುಗು ಬೆರೆತ, ವೇಗವಾದ, ನಮ್ಮ ಕಿವಿಗೆ ಒರಟಾದ ಕನ್ನಡ. ಆ ಚೀಟಿಯ ಅಕ್ಷರಗಳೂ ಕಣ್ಣಿಗೆ ಬಂದವು. ಖಾತೆಯ ಸಂಖ್ಯೆಯ ಕೆಳಗೆ ತೆಲುಗು ಲಿಪಿಯಲ್ಲಿ ಊರಿನ ಹೆಸರಿತ್ತು. ತೆಲುಗು ಲಿಪಿಗೂ ನಮ್ಮ ಲಿಪಿಗೂ ಎಷ್ಟು ಅಂತರ? ತಲೆಕಟ್ಟು ಸ್ವಲ್ಪ ಬೇರೆ, ಅಷ್ಟೆ. ಮಾಧವರಂ ಎಂದು ನಾನು ಓದಿಯೇ ಇದ್ದೆ. ಓದಿದ ಮೇಲೂ ಓದಲು ಬಾರದವನಂತೆ ಹಿಂದಿರುಗಿಸಿದ್ದೆ.

ಇದನ್ನು ಯಾಕೆ ದೊಡ್ಡದು ಮಾಡುತ್ತೇನೆ ಎಂದರೆ, ಕನ್ನಡದಲ್ಲಿ ಚಲನ್ ಬೇಕು ಎಂದು ಸಹಿ ಸಂಗ್ರಹಿಸಿದವರಲ್ಲಿ ನಾನೂ ಒಬ್ಬ. ಗ್ರಾಹಕರು ಬಳಸುವ ನಮೂನೆಗಳು ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ. ನಮ್ಮಲ್ಲಿ ಪ್ರಾದೇಶಿಕ ಭಾಷೆ ಎಂದರೆ ಮಲಯಾಳ. ಕಾಸರಗೋಡಿನ ಕನ್ನಡಿಗ ಈ ಮೂರರ ನಡುವೆ ಎಲ್ಲಿ ನಿಲ್ಲಬೇಕು ಎಂದು ಸಭೆಗಳಲ್ಲಿ ಮಾತಾಡಿದ್ದೇನೆ. ಅಂಥವನ ಕಿಂಡಿಗೆ ಕನ್ನಡವೇ ನಡೆದು ಬಂದಾಗ ಗುರುತು ಸಿಗಲಿಲ್ಲ.

ಆದೋನಿಯನ್ನು ಬೆಳಿಗ್ಗೆ 6 ಗಂಟೆಗೆ ಬಿಟ್ಟೆ. ಕೋಟೆಯ ಬಂಡೆಬೆಟ್ಟಗಳು ಇನ್ನೂ ಕಪ್ಪಾಗಿದ್ದವು. ಹತ್ತಿಯ ಊರು ಅದು. ಜಿನ್ನಿಂಗ್ ಮಿಲ್ಲುಗಳ ರಸ್ತೆಯಲ್ಲಿ ಗಾಳಿಗೆ ಹಾರಿದ ಹತ್ತಿಯ ಎಳೆಗಳು ಬೇಲಿಗೂ ನನ್ನ ಸೈಕಲ್ಲಿನ ಸರಪಳಿಗೂ ಅಂಟಿಕೊಂಡವು. ಹೆದ್ದಾರಿ ಎಮ್ಮಿಗನೂರಿನ ಮೇಲಾಗಿ ಹೋಗುತ್ತದೆ. ನಾನು ಪೆದ್ದತುಂಬಳಂ ಮೇಲಿನ ಹಳ್ಳಿದಾರಿ ಹಿಡಿದೆ.

ನಮ್ಮ ಕಡೆ ತುಳಿದವನಿಗೆ ಆ ಬಯಲು ಬೇರೆಯೇ ಪಾಠ. ಇಲ್ಲಿ ಏರು, ಇಳಿತ, ತಿರುವು. ಅಡಕೆ ತೋಟದ ಆಚೆ ಏನಿದೆ ಎಂಬುದು ಹೋದ ಮೇಲೆಯೇ ತಿಳಿಯುವುದು. ಅಲ್ಲಿ ಎಲ್ಲವೂ ಮೊದಲೇ ಕಾಣುತ್ತದೆ. ಎರೆ ಭೂಮಿ, ಹತ್ತಿ, ಜೋಳ, ಕಡಲೆ, ಮತ್ತೆ ಎರೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಆ ಸೀಮೆಯ ಒಂದಷ್ಟು ಹೊಲಗಳಿಗೆ ಸಿಗುತ್ತದೆ. ಉಳಿದವು ಮಳೆಯನ್ನೇ ನಂಬಿದವು. ಅಮೆರಿಕದ ಪ್ರೈರಿ ಬಯಲಿನಲ್ಲಿ ತುಳಿಯುವವರಿಗೆ ಮುಂದಿನ ಊರಿನ ಧಾನ್ಯದ ಉಗ್ರಾಣ ಮೈಲುಗಟ್ಟಲೆ ದೂರದಿಂದಲೇ ಕಾಣುತ್ತದಂತೆ. ಇಲ್ಲಿ ಕಾಣುವುದು ನೀರಿನ ಟ್ಯಾಂಕು. ಕಂಡ ಮೇಲೆ ಅರ್ಧ ಗಂಟೆ ತುಳಿದರೂ ಅದು ಅಷ್ಟೇ ದೂರದಲ್ಲಿರುತ್ತದೆ. ಎದುರುಗಾಳಿ ಇದ್ದರೆ ಇನ್ನೂ ಹಿಂದೆ ಸರಿದಂತೆ ತೋರುತ್ತದೆ. ನೆರಳೆಂದರೆ ಬೇವು ಇದ್ದಲ್ಲಿ ಬೇವಿನದು, ಇಲ್ಲದಲ್ಲಿ ಜಾಲಿಯದು.

ಕಾರಿನಲ್ಲಿ ಹೋಗುವವನಿಗೆ ಈ ಊರುಗಳಲ್ಲಿ ಯಾರ ಹಂಗೂ ಇಲ್ಲ. ಸೈಕಲ್ಲಿನವನಿಗೆ ಪ್ರತಿ ಊರಿನ ಹಂಗು ಬೇಕು. ನೀರು ಕೇಳಬೇಕು, ದಾರಿ ಕೇಳಬೇಕು, ಮುಂದಿನ ಊರಿನಲ್ಲಿ ತಿನ್ನಲು ಏನಾದರೂ ಸಿಗುತ್ತದೆಯೇ ಎಂದು ಕೇಳಬೇಕು. ಕೇಳುವುದಕ್ಕೆ ಭಾಷೆ ಬೇಕು. ನನಗೆ ತೆಲುಗು ನಾಲ್ಕು ಮಾತಿನಷ್ಟು ಬರುತ್ತದೆ, ಐದನೆಯದಕ್ಕೆ ಕೈಸನ್ನೆ. ಇಪ್ಪತ್ತು ವರ್ಷ ಕಿಂಡಿಯ ಒಳಗೆ ಕುಳಿತವನು ಅಂದು ಬೆಳಗಿನಿಂದ ಕಿಂಡಿಯ ಹೊರಗೆ ನಿಂತಿದ್ದೆ.

ದಾರಿಯ ಹಳ್ಳಿಗಳಲ್ಲಿ ಬೀಗ ಹಾಕಿದ ಮನೆಗಳು ಹೆಚ್ಚಾಗಿದ್ದವು. ಕಟ್ಟೆಗಳ ಮೇಲೆ ಮುದುಕರು, ಕೆಲವು ಮಕ್ಕಳು. ಕಾರಣ ಆಮೇಲೆ ತಿಳಿಯಿತು.

ಮಾಧವರಂ ಹತ್ತಿರವಾಗುವಷ್ಟರಲ್ಲಿ ಜಾಲಿಯ ಮುಳ್ಳು ಎರಡನೆಯ ಬಾರಿ ಚಕ್ರ ಹೊಕ್ಕಿತ್ತು. ಇದ್ದ ಒಂದು ಹೆಚ್ಚಿನ ಟ್ಯೂಬು ಮೊದಲ ಮುಳ್ಳಿಗೇ ಖರ್ಚಾಗಿತ್ತು. ಸೈಕಲ್ ತಳ್ಳಿಕೊಂಡು ಊರು ಸೇರಿ ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಂತೆ. ಅಂಗಡಿಯವ ಲಾರಿಯ ಚಕ್ರವೊಂದನ್ನು ಬಿಚ್ಚುತ್ತಿದ್ದ. ತಲೆ ಎತ್ತಿ ತೆಲುಗಿನಲ್ಲಿ ಏನೋ ಕೇಳಿದ. ನಾನು ಪೆಚ್ಚಾಗಿ ನಿಂತೆ. ದಖನಿ ಉರ್ದುವಿನಲ್ಲಿ ಕೇಳಿದ. ಅರ್ಧ ತಿಳಿಯಿತು, ಉತ್ತರ ಹೊರಡಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿ, "ಯಾವೂರ್ರೀ ಸಾರ್ ನಿಮ್ದು?" ಎಂದ.

ಅದೇ ಕನ್ನಡ. ಎರಡು ವರ್ಷಗಳ ಹಿಂದೆ ಗಾಜಿನ ಆಚೆಯಿಂದ ಬಂದ ಅದೇ ಏರಿಳಿತ.

ಬೀಗದ ಕೈಗಳ ಗೊಂಚಲು ಹಿಡಿದವನು ಒಂದು ಹೊಂದದಿದ್ದರೆ ಇನ್ನೊಂದನ್ನು ಹಾಕಿ ನೋಡುತ್ತಾನಲ್ಲ, ಆತ ಮಾಡಿದ್ದು ಅಷ್ಟೇ. ಅದರಲ್ಲಿ ಆತನಿಗೆ ವಿಶೇಷ ಕಾಣಲಿಲ್ಲ. ಲಾರಿಯ ಕೆಲಸ ಮುಗಿಸಿ, ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ, ಗುಳ್ಳೆ ಎದ್ದಲ್ಲಿ ಬೆರಳಿಟ್ಟು, ತೇಪೆ ಹಾಕಿ, ಟೈರಿನ ಒಳಗೆ ಕೈಯಾಡಿಸಿ ಮುರಿದ ಮುಳ್ಳು ತೆಗೆದು ನನ್ನ ಅಂಗೈಗೆ ಹಾಕಿದ. ಕೇಳಿದ ದುಡ್ಡು ಕೊಟ್ಟೆ, ಎಣಿಸಿ ತೆಗೆದುಕೊಂಡ. ಉಪಚಾರದ ಮಾತು ಒಂದೂ ಇರಲಿಲ್ಲ. ಆದರೆ ಆ ಮೂರನೆಯ ಪ್ರಯತ್ನಕ್ಕೆ ಆತ ನನ್ನಿಂದ ದುಡ್ಡು ಪಡೆಯಲಿಲ್ಲ. ನಾನು ನನ್ನ ಕಿಂಡಿಯಲ್ಲಿ ಮಾಡದೆ ಬಿಟ್ಟದ್ದು ಅದನ್ನೇ.

ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಒಬ್ಬ ಮುದುಕಿ ಕುಳಿತಿದ್ದರು. ಬೀಗ ಹಾಕಿದ ಮನೆಗಳ ಬಗ್ಗೆ ಅವರನ್ನು ಕೇಳಿದೆ. "ಮಗ ಸೊಸಿ ಎಲ್ಲಾ ಸುಗ್ಗಿಗೆ ಹೋಗ್ಯಾರಪ್ಪಾ" ಎಂದರು. ಸುಗ್ಗಿ! ನಮ್ಮ ತುಳುವರಿಗೆ ಏಣೇಲು, ಸುಗ್ಗಿ, ಕೊಳಕೆ ಎಂದು ಗದ್ದೆಯ ಮೂರು ಬೆಳೆಗಳು. ಸುಗ್ಗಿ ಎಂದೊಡನೆ ನಮಗೆ ಮನೆಯ ಅಂಗಳ, ಬತ್ತದ ರಾಶಿ ನೆನಪಾಗುತ್ತದೆ. ಆ ಸೀಮೆಯಲ್ಲಿ ಸುಗ್ಗಿಗೆ ಹೋಗುವುದೆಂದರೆ ಮನೆಗೆ ಬೀಗ ಹಾಕಿ, ಕೂಸುಕುನ್ನಿ ಕಟ್ಟಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ತೆಲಂಗಾಣದ ಹತ್ತಿಯ ಹೊಲಗಳಿಗೆ ಕೂಲಿಗೆ ಹೋಗುವುದು. ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಹೋಗುತ್ತಾರೆ. ಅಂಥವರಲ್ಲಿ ಒಬ್ಬ ಇನ್ನೂ ದೂರ, ನಮ್ಮ ಮುರಕಲ್ಲಿನ ಕೋರೆಗೆ ಬಂದಿರಬೇಕು. ಮನೆಯಲ್ಲಿ ಉಳಿದವರಿಗೆ ಹಣ ಕಳುಹಿಸಲು ಶುಕ್ರವಾರ ಮಧ್ಯಾಹ್ನ ಕೆಲಸ ಬಿಟ್ಟು ಬ್ಯಾಂಕಿಗೆ ಬಂದಿರಬೇಕು.

ನಾನು ಕೇಳಬೇಕೆಂದು ಊರಿನಿಂದಲೇ ಹೊತ್ತು ತಂದ ಪ್ರಶ್ನೆ ಒಂದಿತ್ತು. ಗಡಿನಾಡಿನ ಯಾವ ಕನ್ನಡಿಗನ ಚೀಲದಲ್ಲೂ ಅದು ಇರುತ್ತದೆ. "ಅಜ್ಜೀ, ನೀವು ಕನ್ನಡದವರೋ ತೆಲುಗಿನವರೋ?" ಅವರು ನನ್ನನ್ನು ಸರ್ಕಾರದ ಲೆಕ್ಕ ಬರೆಯುವವನೆಂದು ತಿಳಿದರೋ ಏನೋ. "ನಾವ್ ಇಲ್ಲೇರಪ್ಪಾ" ಎಂದರು. ಇಲ್ಲಿಯವರು, ಅಷ್ಟೆ.

ಈ ಉತ್ತರವನ್ನು ಎತ್ತಿಕೊಂಡು ಕುಣಿಯುವುದು ಸುಲಭ. ನೋಡಿ, ಜನಸಾಮಾನ್ಯರಿಗೆ ಭಾಷೆಯ ಜಗಳ ಬೇಕಿಲ್ಲ ಎಂದು ಭಾಷಣ ಮಾಡಬಹುದು. ನಾನು ಹಾಗೆ ಹೇಳುವವನಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಬಂದವು. ಮೂರು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು, ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದು, ಅದು ಕಾಗದದಲ್ಲೇ ಉಳಿದದ್ದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಕತೆ. ಆದೋನಿಯ ಸೀಮೆಯಲ್ಲೂ ಕನ್ನಡ ಮಾಧ್ಯಮದ ಶಾಲೆಗಳಿವೆ, ಅಲ್ಲೂ ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕೆಂದು ತಂದೆತಾಯಿಗಳು ತಲೆ ಕೆಡಿಸಿಕೊಳ್ಳುತ್ತಾರೆ. ಅಜ್ಜಿಯ "ಇಲ್ಲೇರಪ್ಪಾ" ಎಂಬ ಮಾತಿನಲ್ಲಿ ನೆಮ್ಮದಿ ಇದ್ದಿರಬಹುದು. ಬೇರೆ ಉತ್ತರ ಕೊಟ್ಟು ಏನು ಸಿಗುತ್ತದೆ ಎಂಬ ಅನುಭವವೂ ಇದ್ದಿರಬಹುದು. ಅದನ್ನು ನಾನು ತೀರ್ಮಾನಿಸಲಾರೆ.

ನನ್ನ ಪ್ರಶ್ನೆ ಬೇರೆ. ನಾವು ನಮ್ಮ ಭಾಷೆಗೆ ಹಕ್ಕು ಕೇಳುವಾಗ ಯಾವ ಆಧಾರದ ಮೇಲೆ ಕೇಳುತ್ತೇವೆ?

ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ತಂದೆಯವರ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಜಾಗದ ವಿಷಯ. ತಂದೆಯವರು ಚಂದದ ಕನ್ನಡದಲ್ಲಿ ಅರ್ಜಿ ಬರೆದಿದ್ದರು. ಮೇಜಿನ ಆಚೆಯವರು ಅದನ್ನು ಬಿಡಿಸಿಯೂ ನೋಡದೆ ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು. ತಂದೆಯವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡು ಮನೆಯವರೆಗೂ ಮಾತಾಡಲಿಲ್ಲ. ಸಂವಿಧಾನದ 350ನೆಯ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಅಧಿಕಾರ ಅವರಿಗಿತ್ತೆಂದು ನನಗೆ ತಿಳಿದದ್ದು ಬಿ.ಎ. ಓದುವಾಗ. ಅಂದಿನಿಂದ ಆ ನಾಲ್ಕು ಮಡಿಕೆಯ ಕಾಗದ ನನ್ನ ಎಲ್ಲ ಭಾಷಣಗಳ ಒಳಗೆ ಇದೆ.

ಆದರೆ ಆ ದಿನ ತಂದೆಯವರಿಗೆ ಆದ ಅನ್ಯಾಯ ಏನು? ಕನ್ನಡಕ್ಕೆ ಅವಮಾನವಾಯಿತು ಎಂಬುದೇ? ಅಥವಾ, ಕೆಲಸಕ್ಕಾಗಿ ಬಂದ ಒಬ್ಬ ಮನುಷ್ಯನನ್ನು ಅವನ ನಾಲಗೆಯ ಕಾರಣದಿಂದ ಹಿಂದೆ ಕಳುಹಿಸಿದರು ಎಂಬುದೇ? ಇಷ್ಟು ವರ್ಷ ನಾನು ಎರಡೂ ಒಂದೇ ಎಂದುಕೊಂಡಿದ್ದೆ. ಒಂದೇ ಆಗಿದ್ದರೆ ಕನ್ನಡದ ಅಭಿಮಾನಿಯಾದ ನಾನು ಆ ಕೂಲಿಯಾಳನ್ನು ಕಳುಹಿಸಲು ಸಾಧ್ಯವಿರಲಿಲ್ಲ. ನನ್ನ ಹೋರಾಟದ ಬೇರು ಕನ್ನಡದ ಅಭಿಮಾನದಲ್ಲಿ ಮಾತ್ರ ಇತ್ತು. ಆ ಅಭಿಮಾನ ಎಂಥ ಕನ್ನಡವನ್ನು ಬಲ್ಲದು? ಪುಸ್ತಕದ ಕನ್ನಡವನ್ನು, ಯಕ್ಷಗಾನದ ಕನ್ನಡವನ್ನು, ಸಭೆಯ ಕನ್ನಡವನ್ನು. ಕಲ್ಲಿನ ಧೂಳು ಮೆತ್ತಿಕೊಂಡ ಕನ್ನಡ ಬಂದರೆ ಅದಕ್ಕೆ ಪರಿಚಯವಿಲ್ಲ. ಗುರುತು ಹಿಡಿದವನು ಕನ್ನಡ ಬಾರದ ಕಾವಲುಗಾರ. ಯಾಕೆಂದರೆ ಅವನು ಬಂದವನ ಮುಖ ನೋಡಿಕೊಂಡು ಕೇಳಿದ್ದ.

ಇದಕ್ಕೆ ನಮ್ಮವರು ಕೊಡುವ ಉತ್ತರವೊಂದಿದೆ; ಅದು ಹಗುರವಾದುದಲ್ಲ. ನಾವು ಅಲ್ಪಸಂಖ್ಯಾತರು ಮೊದಲೇ ಎಲ್ಲರ ಭಾಷೆ ಕಲಿತವರು. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಬ್ಯಾರಿ. ಬಾಗುವವರು ಯಾವಾಗಲೂ ನಾವೇ. ಇನ್ನೂ ಬಾಗಿ ಎಂದರೆ ಬೆನ್ನು ಮುರಿಯುತ್ತದೆ. ಪಂಕ್ಚರ್ ಅಂಗಡಿಯವನ ಗುಣ ದೊಡ್ಡದೇ, ಆದರೆ ಎಲ್ಲರೂ ಬಂದವನ ಭಾಷೆಗೆ ಹೊರಳುತ್ತ ಹೋದರೆ ಸಣ್ಣ ಭಾಷೆಗಳು ಉಳಿಯುತ್ತವೆಯೇ?

ಈ ಮಾತಿನಲ್ಲಿ ಸತ್ಯವಿದೆ. 2017ರಲ್ಲಿ ಮಲಯಾಳ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾನೂನು ಬಂದಾಗ ನಮ್ಮವರು ಬೀದಿಗಿಳಿದದ್ದು ಈ ಭಯದಿಂದಲೇ, ಅದು ಸುಳ್ಳು ಭಯವಾಗಿರಲಿಲ್ಲ. ಆದರೂ ಎರಡು ಸಂಗತಿಗಳನ್ನು ಬೇರೆ ಮಾಡಬೇಕು. ಬಲವಂತಕ್ಕೆ ಮಣಿಯುವುದು ಒಂದು. ಮುಂದೆ ನಿಂತವನ ಕಡೆಗೆ ಕಿವಿ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ನನ್ನ ಭಾಷೆ ಕಡಿಮೆಯಾಗುತ್ತದೆ. ಎರಡನೆಯದರಲ್ಲಿ ನನ್ನದೇನೂ ಹೋಗುವುದಿಲ್ಲ. ಅಂಗಡಿಯವ ನನ್ನೊಡನೆ ಕನ್ನಡ ಆಡಿದ ಮೇಲೆ ಲಾರಿಯವನೊಡನೆ ತೆಲುಗಿನಲ್ಲೇ ಜಗಳ ಮುಂದುವರಿಸಿದ. ಇನ್ನು ಮಲಯಾಳವನ್ನು ನಾವು ಕಲಿತದ್ದು ಔದಾರ್ಯದಿಂದ ಎಂದು ಎದೆ ತಟ್ಟಿಕೊಳ್ಳುವುದು ಬೇಡ, ಅನ್ನಕ್ಕಾಗಿ ಕಲಿತೆವು. ಈ ವಾರ್ಷಿಕದ ಅರ್ಧ ಪುಟಗಳು ಮಲಯಾಳದಲ್ಲಿವೆ. ಕೆಲಸಕ್ಕೆ ಬೇಕಾದ ಮಲಯಾಳ ಬಲ್ಲ ನಮ್ಮಲ್ಲಿ ಎಷ್ಟು ಮಂದಿ ಆ ಪುಟಗಳನ್ನು ಓದುತ್ತೇವೆ? ಆ ಕಡೆಯವರಲ್ಲಿ ಎಷ್ಟು ಮಂದಿ ಇದನ್ನು ಓದುತ್ತಾರೋ ಎಂದು ಕೇಳುವ ಮೊದಲು ನಾನು ನನ್ನನ್ನು ಕೇಳಿಕೊಂಡೆ. ಉತ್ತರ ಹೇಳಲು ನಾಚಿಕೆಯಾಯಿತು.

ಮಧ್ಯಾಹ್ನ ಮಂತ್ರಾಲಯಕ್ಕೆ ಹೋಗಿ ಬಂದೆ. ಹಿಂದೆ ಮಂಚಾಲೆ ಎಂಬ ಹೆಸರಿದ್ದ ಊರು. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಬೃಂದಾವನಸ್ಥರಾದ ಸ್ಥಳ. ಆಂಧ್ರದ ಆ ಊರಿನಲ್ಲಿ ಕನ್ನಡಕ್ಕೆ ಯಾವ ಕೊರತೆಯೂ ಇಲ್ಲ. ಹೋಟೆಲಿನವರು, ಹೂವಿನವರು, ಆಟೋದವರು ಎಲ್ಲರೂ ಕನ್ನಡದಲ್ಲೇ ಕರೆಯುತ್ತಾರೆ. ಸಂತೋಷವಾಯಿತು. ಕೈಮುಗಿದು ಹೊರಗೆ ಬಂದು ಕುಳಿತಾಗ ಹೊಳೆಯಿತು: ಇಲ್ಲಿ ಕನ್ನಡಕ್ಕೆ ಗೌರವ ಸಿಗುವುದು ಕನ್ನಡಿಗ ಯಾತ್ರಿಕನ ಕಿಸೆಯ ಬಲದಿಂದಲೂ ಹೌದು. ಅದರಲ್ಲಿ ತಪ್ಪಿಲ್ಲ, ವ್ಯಾಪಾರ. ನಮ್ಮ ಬ್ಯಾಂಕಿಗೂ ದೊಡ್ಡ ಠೇವಣಿದಾರರು ಬಂದರೆ ಅವರ ಭಾಷೆ ಬಲ್ಲವರನ್ನು ಒಳಗಿನ ಕೋಣೆಯಿಂದ ಕರೆಸುತ್ತೇವೆ. ಹಣವಿದ್ದವನ ಭಾಷೆ ಹೇಗೋ ಎಲ್ಲರಿಗೂ ಅರ್ಥವಾಗುತ್ತದೆ. ಕೊಡಲು ಏನೂ ಇಲ್ಲದವನು ಬಂದಾಗ ನಾವು ಎಷ್ಟು ಬೀಗದ ಕೈಗಳನ್ನು ಹಾಕಿ ನೋಡುತ್ತೇವೆ ಎಂಬುದರಲ್ಲಿ ಮಾತ್ರ ನಮ್ಮ ಮಾತಿನ ಪರೀಕ್ಷೆ ಇದೆ.

ಮಾಧವರಂ ದಾಟಿ ತುಂಗಭದ್ರೆಯ ಸೇತುವೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಬೇಸಗೆಯ ಕಡೆಗೆ ತಿರುಗಿದ ನದಿ, ಬಂಡೆಗಳ ನಡುವೆ ತೆಳುವಾಗಿ ಹರಿಯುತ್ತಿತ್ತು. 2009ರ ಅಕ್ಟೋಬರಿನಲ್ಲಿ ಮಂತ್ರಾಲಯವನ್ನು ಮುಳುಗಿಸಿದ ನೀರು ಇದೇ ಎಂದರೆ ನಂಬುವುದು ಕಷ್ಟ. ಸೇತುವೆಯ ಆಚೆ ಕನ್ನಡದ ಬೋರ್ಡು ಕಂಡಾಗ ನನ್ನ ಕಾಲಿಗೆ ಬಲ ಬಂದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಗಿಲ್ಲೇಸುಗೂರಿನಲ್ಲಿ ಚಹಾ ಕುಡಿದೆ. ಅಂಗಡಿಯವ ನನ್ನ ಕನ್ನಡ ಕೇಳಿ, "ನೀವು ಕೇರಳದವರೇನ್ರೀ?" ಎಂದ. ಕತ್ತಲಾದ ಮೇಲೆ ರಾಯಚೂರು ಸೇರಿದೆ.

ಆ ಕೂಲಿಯಾಳು ಮತ್ತೆ ನಮ್ಮ ಬ್ಯಾಂಕಿಗೆ ಬಂದನೋ ಇಲ್ಲವೋ ತಿಳಿಯದು. ಮಾಧವರಂನಲ್ಲಿ ಯಾರನ್ನಾದರೂ ಕೇಳಬಹುದಿತ್ತೇ ಎಂದರೆ, ಹೆಸರೇ ಗೊತ್ತಿಲ್ಲದೆ ಏನೆಂದು ಕೇಳಲಿ? ಆ ಚೀಟಿಯಲ್ಲಿ ಹೆಸರೂ ಇದ್ದಿರಬೇಕು. ನಾನು ಓದಿದ್ದು ಊರನ್ನು ಮಾತ್ರ.

ಈಗ ಕಿಂಡಿಯ ಒಳಗಡೆ ಒಂದು ಕಾಗದ ಅಂಟಿಸಿಕೊಂಡಿದ್ದೇನೆ. ಹಣ ಕಟ್ಟಬೇಕೇ, ತೆಗೆಯಬೇಕೇ, ಯಾರ ಹೆಸರಿಗೆ ಎಂಬ ಮೂರು ಪ್ರಶ್ನೆಗಳು ತೆಲುಗು, ತಮಿಳು, ಬಂಗಾಳಿಗಳಲ್ಲಿ. ಬಲ್ಲವರಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಂಡದ್ದು. ನನ್ನ ಉಚ್ಚಾರಣೆ ಕೇಳಿ ಜನ ನಗುತ್ತಾರೆ, ನಕ್ಕ ಮೇಲೆ ಉತ್ತರ ಹೇಳುತ್ತಾರೆ. ತಿಂಗಳ ಮೊದಲ ವಾರ, ಸಾಲು ಉದ್ದವಿದ್ದಾಗ, ಈಗಲೂ ಒಮ್ಮೊಮ್ಮೆ ಬಾಯಿಗೆ ಅದೇ ಹಳೆಯ ಮಾತು ಬರುತ್ತದೆ. ಕನ್ನಡದ ಚಲನ್ ಬೇಕೆಂಬ ಮನವಿಗೂ ಸಹಿ ಸಂಗ್ರಹಿಸುತ್ತಲೇ ಇದ್ದೇನೆ. ಕಳೆದ ವಾರ ಮಗಳು ಅದನ್ನು ಓದಿ, ಇದರಲ್ಲಿ ಕನ್ನಡ ಬಾರದವರ ಬಗ್ಗೆ ಯಾಕೆ ಬರೆದಿಲ್ಲ ಎಂದು ಕೇಳಿದಳು. ಒಂದು ಸಾಲು ಸೇರಿಸಿದ್ದೇವೆ.